ಎರಡು ಪಟ್ಟಿಯೋ ಮೂರು ಪಟ್ಟಿಯೋ: ಕನ್ನಡ ಬಾವುಟದ ಇತ್ಯರ್ಥವಾಗದ ಲೆಕ್ಕ

ಅಕ್ಟೋಬರ್ ಕೊನೆಯ ವಾರ ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಐದಾರು ಅಂಗಡಿ ಸುತ್ತಿ, ಒಂದೊಂದರಲ್ಲಿ ಒಂದೊಂದು ಕನ್ನಡ ಬಾವುಟ ಕೊಂಡು, ಮನೆಗೆ ಬಂದು ಎಲ್ಲವನ್ನೂ ಅಕ್ಕಪಕ್ಕ ಹರಡಿ ನೋಡಿ. ಒಂದರ ಹಳದಿ ನಿಂಬೆಹಣ್ಣಿನದು, ಇನ್ನೊಂದರದು ಸೇವಂತಿಗೆಯದು, ಮತ್ತೊಂದು ಹೆಚ್ಚುಕಡಿಮೆ ಕಿತ್ತಳೆ. ಕೆಂಪಿನದೂ ಇದೇ ಪಾಡು. ಟೇಪು ಹಿಡಿದು ಅಳೆದರೆ ಒಂದು 3:2, ಒಂದು 2:1ಕ್ಕೆ ಹತ್ತಿರ, ಇನ್ನೊಂದು ಥಾನಿನ ಅಗಲ ಎಷ್ಟಿತ್ತೋ ಅಷ್ಟು. ಯಾವುದು ಸರಿ? ಎಲ್ಲವೂ ಸರಿಯೇ. ತಪ್ಪು ಎನ್ನುವುದಕ್ಕೆ ಅಳತೆಗೋಲೇ ಇಲ್ಲ.

ನಾಡಧ್ವಜದ ಚರ್ಚೆ 2012ರಲ್ಲಿ ಎದ್ದಿತು, 2017–18ರಲ್ಲಿ ಎದ್ದಿತು, 2019ರಲ್ಲಿ ಮತ್ತೆ ಎದ್ದಿತು. ಮೂರು ಸಲವೂ ಅದು ‘ರಾಜ್ಯಕ್ಕೊಂದು ಪ್ರತ್ಯೇಕ ಬಾವುಟ ಇರಬಹುದೇ, ಇರಬಾರದೇ’ ಎಂಬ ಒಂದೇ ಗೂಟದ ಸುತ್ತ ತಿರುಗಿತು. ಯಾವ ಬಾವುಟ, ಯಾವ ಬಣ್ಣ, ಎಷ್ಟು ಅಳತೆ, ಎಲ್ಲಿ ಹಾರಬೇಕು, ಯಾರು ಬಳಸಬಹುದು ಎಂದು ಕೇಳಿದವರು ಕಡಿಮೆ. 2018ರಲ್ಲಿ ಸರ್ಕಾರ ಮುಂದಿಟ್ಟ ಹಳದಿ-ಬಿಳಿ-ಕೆಂಪು ಮೂರು ಪಟ್ಟಿಯ ವಿನ್ಯಾಸಕ್ಕೆ ತೊಡಕಿರುವುದು ದೆಹಲಿಯ ಕಡತದಲ್ಲಿ ಮಾತ್ರ ಎಂದುಕೊಂಡಿದ್ದೇವೆ. ತೊಡಕು ಬಟ್ಟೆಯಲ್ಲೂ ಇದೆ.

ಪಕ್ಷದ ಬಾವುಟ ನಾಡಿನದಾದದ್ದು

ಈಗ ನಾವು ಕನ್ನಡ ಬಾವುಟ ಎನ್ನುವ ಹಳದಿ-ಕೆಂಪು ಬಟ್ಟೆ ಯಾವ ಅರಮನೆಯಿಂದಲೂ ಬಂದದ್ದಲ್ಲ. ಅದರ ವಯಸ್ಸು ಸುಮಾರು ಅರವತ್ತು ವರ್ಷ. 1960ರ ದಶಕದಲ್ಲಿ ಮ. ರಾಮಮೂರ್ತಿ ಅದಕ್ಕೆ ರೂಪ ಕೊಟ್ಟರು. ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ, ಪತ್ರಕರ್ತ, ಪತ್ತೇದಾರಿ ಕಾದಂಬರಿಗಳನ್ನು ಬರೆದವರು, ಕನ್ನಡ ಚಳವಳಿಯ ಮುಂದಾಳು. 1956ರ ನವೆಂಬರ್ 1ಕ್ಕೆ ರಾಜ್ಯವೇನೋ ಒಂದಾಗಿತ್ತು. ಆದರೆ ಹೆಸರು ಇನ್ನೂ ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಕಾಣುತ್ತಿದ್ದುದು ಹೊರಗಿನ ಪಕ್ಷಗಳ ಬಾವುಟ. ರಾಮಮೂರ್ತಿಯವರು ಕಟ್ಟಿದ ‘ಕನ್ನಡ ಪಕ್ಷ’ಕ್ಕೊಂದು ಗುರುತು ಬೇಕಿತ್ತು. ಹಾಗೆ ಹುಟ್ಟಿದ್ದು ಈ ಬಾವುಟ.

ರಾಮಮೂರ್ತಿ 1967ರಲ್ಲಿ ತೀರಿಕೊಂಡರು. ಪಕ್ಷ ಚುನಾವಣೆಯ ಕಣದಲ್ಲಿ ಬೇರು ಬಿಡಲಿಲ್ಲ. ಬಾವುಟ ಮಾತ್ರ ಪಕ್ಷವನ್ನು ಬಿಟ್ಟು ಬೀದಿಗಿಳಿಯಿತು. ಬಣ್ಣಕ್ಕೆ ಅರಿಶಿನ-ಕುಂಕುಮ ಎಂದು ಹೆಸರು ಬಿದ್ದ ಮೇಲೆ ಅರ್ಥ ಹೇಳಿಕೊಡುವ ಅಗತ್ಯವೇ ಉಳಿಯಲಿಲ್ಲ. ಆಟೋ ನಿಲ್ದಾಣದ ಕಂಬ, ಭುವನೇಶ್ವರಿಯ ಮೆರವಣಿಗೆ, ಹೆಗಲ ಮೇಲಿನ ಶಾಲು, ಕೊಲ್ಲಿ ದೇಶಗಳ ಮತ್ತು ಅಮೆರಿಕದ ಕನ್ನಡ ಸಂಘಗಳ ವೇದಿಕೆ, ಎಲ್ಲ ಕಡೆಗೂ ಹೋಯಿತು. ಯಾರ ಅಪ್ಪಣೆಯೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಮುಂದಿನ ವಾದಕ್ಕೆ ಈ ಸಂಗತಿ ಮುಖ್ಯ.

ಹಳೆಯ ಅರಸರ ಬಾವುಟಗಳ ಮಾತು ಬಂದಾಗ ಸಾಮಾನ್ಯವಾಗಿ ಒಂದು ಗೊಂದಲವಾಗುತ್ತದೆ. ನಮ್ಮ ಶಾಸನಗಳಲ್ಲಿ ಧ್ವಜ ಬೇರೆ, ಲಾಂಛನ ಬೇರೆ. ಕದಂಬರದು ವಾನರಧ್ವಜ, ಆದರೆ ಲಾಂಛನ ಸಿಂಹ. ಬಾದಾಮಿ ಚಾಲುಕ್ಯರಿಗೆ ವರಾಹ ಲಾಂಛನ, ರಾಷ್ಟ್ರಕೂಟರಿಗೆ ಗರುಡ ಲಾಂಛನ, ಅದರ ಜೊತೆಗೆ ಪಾಳಿಧ್ವಜ ಎಂಬ ಬಾವುಟಗಳ ಸಾಲು. ರಣರಂಗದಲ್ಲಿ ದೂರದಿಂದ ಕಾಣುವುದಕ್ಕೆ ಧ್ವಜ. ತಾಮ್ರಪಟದ ಉಂಗುರದ ಮೇಲೆ ಹತ್ತಿರದಿಂದ ನೋಡಿ ‘ಇದು ಅರಸನದ್ದೇ’ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ ಲಾಂಛನ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದವರಲ್ಲ ಅವರು.

ಗಂಡಭೇರುಂಡದ ಹಾದಿಯೂ ಉದ್ದದ್ದು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭ ಇಂದಿಗೂ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಎರಡು ತಲೆಯ ಹಕ್ಕಿ ಆನೆಗಳನ್ನು ಕೊಕ್ಕಿನಲ್ಲೂ ಉಗುರಲ್ಲೂ ಹಿಡಿದಿದೆ. ಮೈಸೂರು ಒಡೆಯರ ಮೂಲಕ ಅದು ರಾಜ್ಯ ಸರ್ಕಾರದ ಲಾಂಛನಕ್ಕೆ ಬಂತು. ಈಗಿನ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ, ಎರಡೂ ಬದಿಗೆ ಆನೆಯ ಮುಖ ಸಿಂಹದ ಮೈಯ ಶರಭಗಳು, ನೆತ್ತಿಯ ಮೇಲೆ ಅಶೋಕನ ಸಿಂಹಸ್ತಂಭ, ಅಡಿಯಲ್ಲಿ ನಾಗರಿ ಲಿಪಿಯಲ್ಲಿ ‘ಸತ್ಯಮೇವ ಜಯತೇ’. ಈ ಭಾಗಗಳನ್ನು ನೆನಪಿಟ್ಟುಕೊಳ್ಳಿ, ಬಟ್ಟೆಯ ಮಾತು ಬಂದಾಗ ಒಂದೊಂದೂ ಬೇಕಾಗುತ್ತದೆ.

ಕಡತದ ಪಯಣ

2012ರ ಬಜೆಟ್ ಭಾಷಣದಲ್ಲಿ ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದಗೌಡರು ರಾಜ್ಯೋತ್ಸವದ ದಿನ ಸರ್ಕಾರಿ ಕಚೇರಿ, ಶಾಲೆ-ಕಾಲೇಜುಗಳ ಮೇಲೆ ಕನ್ನಡ ಬಾವುಟ ಹಾರಿಸುವುದನ್ನು ಕಡ್ಡಾಯ ಮಾಡುವುದಾಗಿ ಹೇಳಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಸರ್ಕಾರ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿತು. ಪಾಟೀಲ ಪುಟ್ಟಪ್ಪನವರಂಥ ಹಿರಿಯರು ಬಾವುಟಕ್ಕೆ ಕಾನೂನಿನ ಮಾನ್ಯತೆ ಕೇಳುತ್ತಲೇ ಇದ್ದರು. 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಧಾನ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂಬತ್ತು ಜನರ ಸಮಿತಿ ಮಾಡಿತು. ಸಮಿತಿ ವರದಿ ಕೊಟ್ಟಿತು, 2018ರ ಮಾರ್ಚ್ 8ರಂದು ಬೆಂಗಳೂರಿನ ಗೃಹ ಕಚೇರಿ ಕೃಷ್ಣಾದಲ್ಲಿ ಹೊಸ ನಾಡಧ್ವಜದ ಅನಾವರಣವಾಯಿತು: ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು, ಬಿಳಿಯ ಮೇಲೆ ರಾಜ್ಯ ಲಾಂಛನ. ಒಪ್ಪಿಗೆಗಾಗಿ ಕೇಂದ್ರಕ್ಕೆ ಕಳಿಸುವುದೆಂದಾಯಿತು. ಎರಡೇ ತಿಂಗಳಿಗೆ ವಿಧಾನಸಭಾ ಚುನಾವಣೆ ಇದ್ದುದರಿಂದ ಎಲ್ಲರೂ ಬಣ್ಣಕ್ಕಿಂತ ಮುಹೂರ್ತವನ್ನೇ ನೋಡಿದರು. ಬಿಳಿ ಪಟ್ಟಿ ಯಾಕೆ ಎಂದು ಕನ್ನಡ ಸಂಘಟನೆಗಳಲ್ಲೇ ಕೆಲವು ಸಿಟ್ಟಾದವು. 2019ರ ಆಗಸ್ಟ್‌ನಲ್ಲಿ ಸಚಿವ ಸಿ.ಟಿ. ರವಿ ಸಂವಿಧಾನದಲ್ಲಿರುವುದು ಒಂದೇ ಧ್ವಜ ಎಂದಾಗ ಇನ್ನೊಂದು ಸುತ್ತು ಗದ್ದಲವಾಯಿತು. ಕೇಂದ್ರದ ಒಪ್ಪಿಗೆ ಬರಲಿಲ್ಲ.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ರಾಜ್ಯಕ್ಕೆ ಬಾವುಟ ಇರಬಾರದು ಎಂದು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ. ಇರಬಹುದು ಎಂದೂ ಹೇಳುವುದಿಲ್ಲ. ಪರ ವಾದಿಸುವವರು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪನ್ನು ಮುಂದಿಡುತ್ತಾರೆ, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲರಚನೆಯ ಭಾಗ ಎಂದು. ಮಾತು ನಿಜ. ಆದರೆ ಅದು ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಪ್ರಕರಣ; ಅದರಿಂದ ಬಾವುಟಕ್ಕೆ ಬಲ ಬರುತ್ತದೆಯೇ ಹೊರತು ಹಕ್ಕುಪತ್ರ ಸಿಗುವುದಿಲ್ಲ. ವಿರೋಧಿಸುವವರು ‘ಒಂದು ದೇಶ, ಒಂದು ಧ್ವಜ’ ಎನ್ನುತ್ತಾರೆ. ಅದು ಘೋಷಣೆ, ಕಾನೂನಿನ ಸಾಲಲ್ಲ.

ತೂಕವಿರುವ ಆಕ್ಷೇಪ ಬೇರೆಯದು. ಕೇಂದ್ರ-ರಾಜ್ಯಗಳಿಗೆ ಶಾಸನಾಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಯಾವ ಪಟ್ಟಿಯಲ್ಲೂ ರಾಜ್ಯಗಳ ಬಾವುಟ ಎಂಬ ವಿಷಯವಿಲ್ಲ. ಪಟ್ಟಿಯಲ್ಲಿಲ್ಲದ್ದರ ಮೇಲೆ ಶಾಸನ ಮಾಡುವ ಅಧಿಕಾರ 248ನೇ ವಿಧಿಯ ಪ್ರಕಾರ ಸಂಸತ್ತಿನದು. ಆಡಳಿತ ಭಾಷೆಗೆ 345ನೇ ವಿಧಿ ಇದ್ದಂತೆ ಬಾವುಟಕ್ಕೊಂದು ವಿಧಿ ಇಲ್ಲ. ಹಾಗಾಗಿ ವಿಧಾನಮಂಡಲ ‘ನಾಡಧ್ವಜ ಕಾಯ್ದೆ’ ಎಂದೇನಾದರೂ ಮಾಡಿದರೆ ಮೊದಲ ಏಟು ಇಲ್ಲೇ ಬೀಳುತ್ತದೆ.

ಪೂರ್ವನಿದರ್ಶನಗಳೂ ಹೆಚ್ಚು ನೆರವಾಗುವುದಿಲ್ಲ. ಜಮ್ಮು-ಕಾಶ್ಮೀರಕ್ಕೆ 1952ರಿಂದ ಕೆಂಪು ಬಟ್ಟೆಯ ಮೇಲೆ ಬಿಳಿ ನೇಗಿಲು, ಮೂರು ಪ್ರಾಂತಗಳಿಗೆ ಮೂರು ಗೆರೆ ಇದ್ದ ಬಾವುಟವಿತ್ತು. ಅದು ನಿಂತಿದ್ದು ಆ ರಾಜ್ಯದ ಸ್ವಂತ ಸಂವಿಧಾನದ ಮೇಲೆ, 2019ರ ಆಗಸ್ಟ್‌ನಲ್ಲಿ ಅದರ ಜೊತೆಗೇ ಹೋಯಿತು. ತಮಿಳುನಾಡಿನಲ್ಲಿ 1970ರಲ್ಲಿ ಕರುಣಾನಿಧಿ ರಾಷ್ಟ್ರಧ್ವಜವನ್ನು ಒಂದು ಮೂಲೆಯಲ್ಲಿಟ್ಟು, ಗೋಪುರದ ರಾಜ್ಯ ಲಾಂಛನವನ್ನು ಇನ್ನೊಂದು ಮೂಲೆಯಲ್ಲಿಟ್ಟು ಒಂದು ಮಾದರಿ ತೋರಿಸಿದ್ದರು. ಅದು ಜಾರಿಗೆ ಬರಲಿಲ್ಲ. ನಾಗಾ ಸಂಘಟನೆಗಳೊಡನೆ ಕೇಂದ್ರದ ಶಾಂತಿ ಮಾತುಕತೆ ಸಿಕ್ಕಿಕೊಂಡಿರುವುದರಲ್ಲಿ ಪ್ರತ್ಯೇಕ ಧ್ವಜದ ಬೇಡಿಕೆಯೂ ಒಂದು ಕಾರಣ. ಕರ್ನಾಟಕದ ಕಡತವನ್ನು ದೆಹಲಿ ಒಂಟಿಯಾಗಿ ನೋಡುವುದಿಲ್ಲ, ಈ ಸಾಲಿನಲ್ಲಿಟ್ಟು ನೋಡುತ್ತದೆ. ಹೊರದೇಶದ ಕಥೆ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತ 1948ರ ಜನವರಿಯಲ್ಲಿ ತನ್ನ ಬಾವುಟ ಏರಿಸಿತು, ಕೆನಡಾ ದೇಶಕ್ಕೆ ಮೇಪಲ್ ಎಲೆಯ ಬಾವುಟ ಬಂದದ್ದು 1965ರಲ್ಲಿ.

‘ಅಧಿಕೃತ’ ಎಂಬ ಒಂದೇ ಪದದಲ್ಲಿ ನಾವು ಮೂರು ಬೇಡಿಕೆಗಳನ್ನು ಗಂಟು ಕಟ್ಟಿದ್ದೇವೆ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಮಾನ್ಯತೆ ಒಂದು, ಅವಮಾನದಿಂದ ರಕ್ಷಣೆ ಒಂದು, ಹಾರಿಸುವ ಕ್ರಮ ಒಂದು.

ರಕ್ಷಣೆಯನ್ನೇ ತೆಗೆದುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟರು. ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ರಾಷ್ಟ್ರಧ್ವಜ, ಸಂವಿಧಾನ, ರಾಷ್ಟ್ರಗೀತೆಗಳಿಗೆ ಮಾತ್ರ. ಹಳದಿ-ಕೆಂಪು ಬಟ್ಟೆಗೆ ಅದು ಅನ್ವಯಿಸುವುದಿಲ್ಲ. ಸುಟ್ಟವರ ಮೇಲೆ ಕೇಸು ಹಾಕಬೇಕಾದರೆ ಗುಂಪುಗಳ ನಡುವೆ ದ್ವೇಷ ಹಚ್ಚಿದ ಅಪರಾಧ, ಅಂದರೆ ಆಗಿನ ದಂಡ ಸಂಹಿತೆಯ 153ಎ, ಈಗಿನ ನ್ಯಾಯ ಸಂಹಿತೆಯ 196, ಇಂಥದ್ದನ್ನು ಹಿಡಿಯಬೇಕು. ಅಲ್ಲಿ ಸಾಬೀತು ಮಾಡಬೇಕಾದ್ದು ಬಾವುಟ ಸುಟ್ಟದ್ದನ್ನಲ್ಲ, ದ್ವೇಷ ಹಚ್ಚಿದ್ದನ್ನು. ಅದೇ ವರ್ಷದ ಜೂನ್‌ನಲ್ಲಿ ವಿದೇಶದ ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಹಳದಿ-ಕೆಂಪು ಬಣ್ಣದ ಈಜುಡುಗೆ ಕಾಣಿಸಿಕೊಂಡು ದೊಡ್ಡ ಗಲಾಟೆಯಾಯಿತು. ಅದರ ಮೇಲೆ ರಾಜ್ಯ ಲಾಂಛನವೂ ಅಚ್ಚಾಗಿತ್ತು. ಕಾನೂನಿಗೆ ಹಿಡಿ ಸಿಗುತ್ತಿದ್ದುದು ಆ ಲಾಂಛನದಲ್ಲಿ, ಬಣ್ಣಗಳಲ್ಲಿ ಅಲ್ಲ.

ಇದನ್ನೇ ತಿರುಗಿಸಿ ಓದಿದರೆ 2018ರ ವಿನ್ಯಾಸದ ಅಡಚಣೆ ತಿಳಿಯುತ್ತದೆ. ಲಾಂಛನ-ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಪ್ರಕಾರ ಯಾವುದೇ ರಾಜ್ಯ ಸರ್ಕಾರದ ಲಾಂಛನವನ್ನು ಕೇಂದ್ರದ ಪೂರ್ವಾನುಮತಿ ಇಲ್ಲದೆ ವ್ಯಾಪಾರ, ವೃತ್ತಿ, ಟ್ರೇಡ್‌ಮಾರ್ಕ್‌ಗೆ ಬಳಸುವಂತಿಲ್ಲ. ಅದರ ನೆತ್ತಿಯ ಸಿಂಹಸ್ತಂಭಕ್ಕೆ 2005ರ ಇನ್ನೊಂದು ಕಾಯ್ದೆಯ ಕಾವಲು ಬೇರೆ. ಲಾಂಛನವಿರುವ ಬಾವುಟವನ್ನು ನಾಡಧ್ವಜ ಮಾಡಿದ ದಿನದಿಂದ ಆಟೋದ ಹಿಂದಿನ ಸ್ಟಿಕ್ಕರ್, ದರ್ಶಿನಿಯ ಬೋರ್ಡು, ಟೀ ಶರ್ಟ್ ವ್ಯಾಪಾರ, ಕನ್ನಡ ಸಂಘದ ರಸೀದಿ ಪುಸ್ತಕ ಎಲ್ಲಕ್ಕೂ ‘ಇದು ನಡೆಯುತ್ತದೆಯೇ’ ಎಂಬ ಪ್ರಶ್ನೆ ಅಂಟಿಕೊಳ್ಳುತ್ತದೆ. ಅರವತ್ತು ವರ್ಷ ಯಾರನ್ನೂ ಕೇಳದೆ ಬೆಳೆದ ಬಾವುಟವನ್ನು ಕೇಳಿ ಪಡೆಯುವಂತೆ ಮಾಡಿದ ಹಾಗೆ. ನಾಡಿನ ಬಾವುಟ ಬೇರೆ, ಸರ್ಕಾರದ ಬಾವುಟ ಬೇರೆ ಎಂದು ಇಟ್ಟುಕೊಂಡರೆ ಗೊಂದಲವಿಲ್ಲ. ಒಂದನ್ನೇ ಎರಡೂ ಮಾಡಹೊರಟಾಗ ಬರುವ ತೊಡಕು ಇದು.

ಬಟ್ಟೆಯ ಮೇಲೆ ಏನಾಗುತ್ತದೆ

ಕಾಗದದ ಮೇಲೆ, ಫೋನಿನ ಪರದೆಯ ಮೇಲೆ 2018ರ ಆ ಮೂರು ಪಟ್ಟಿಯ ಬಾವುಟ ಚೆನ್ನಾಗಿಯೇ ಕಾಣುತ್ತದೆ. ಕಂಬಕ್ಕೇರಿಸಿ ನೋಡಿ. ಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ 900×600 ಮಿಲಿಮೀಟರ್ ಅಳತೆ ಇಟ್ಟುಕೊಳ್ಳೋಣ. ಮೂರು ಸಮ ಪಟ್ಟಿ ಎಂದರೆ ಒಂದೊಂದು 200 ಮಿ.ಮೀ. ಬಿಳಿಯಲ್ಲಿ ಮೇಲೆ-ಕೆಳಗೆ ತುಸು ಜಾಗ ಬಿಟ್ಟರೆ ಲಾಂಛನಕ್ಕೆ 180 ಮಿ.ಮೀ. ಎತ್ತರ ಸಿಕ್ಕೀತು. ಅದರಲ್ಲಿ ಸಿಂಹಸ್ತಂಭ, ಗುರಾಣಿ, ಶರಭಗಳು, ಅಡಿಬರಹ. ಅಡಿಬರಹದ ಅಕ್ಷರ 10 ಮಿ.ಮೀ. ಮೀರುವುದಿಲ್ಲ. ಕಣ್ಣು ಚೆನ್ನಾಗಿರುವವರೂ 10 ಮಿ.ಮೀ. ಅಕ್ಷರವನ್ನು ಓದಬಲ್ಲದ್ದು ಹೆಚ್ಚೆಂದರೆ ಏಳು ಮೀಟರ್ ದೂರದಿಂದ, ಅದೂ ಅಕ್ಷರ ಅಲುಗಾಡದೆ ನಿಂತಿದ್ದರೆ. ಆರು ಮೀಟರ್ ಕಂಬದ ತುದಿಯಲ್ಲಿ ಗಾಳಿಗೆ ಹೊರಳುವ ಬಟ್ಟೆಯ ಮೇಲೆ ಅದು ಬರಿಯ ಮಸಿಗೆರೆ. ಶರಭ ಆನೆಯೋ ಸಿಂಹವೋ ಎಂದು ಗೊತ್ತಾಗುವುದೂ ಅನುಮಾನ.

ಹಿಂಬದಿಯದು ಇದಕ್ಕಿಂತ ದೊಡ್ಡ ಸಮಸ್ಯೆ. ಬಾವುಟಕ್ಕೆ ಎರಡು ಮುಖ. ಒಂದೇ ಪದರದ ಬಟ್ಟೆಗೆ ಅಚ್ಚು ಹಾಕಿದರೆ ಹಿಂದಿನಿಂದ ಕಾಣುವುದು ಕನ್ನಡಿಯ ಬಿಂಬ. ರಾಷ್ಟ್ರಧ್ವಜದ ಅಶೋಕ ಚಕ್ರಕ್ಕೆ ಈ ಚಿಂತೆಯಿಲ್ಲ, 24 ಕಡ್ಡಿಯ ಚಕ್ರ ಯಾವ ಕಡೆಯಿಂದ ನೋಡಿದರೂ ಅದೇ. ಗಂಡಭೇರುಂಡಕ್ಕೂ ಇಲ್ಲ: ನಟ್ಟನಡುವೆ ಗೆರೆ ಎಳೆದರೆ ಎಡಬಲ ಒಂದೇ, ಎರಡು ತಲೆಯ ಹಕ್ಕಿಯ ಸೊಗಸೇ ಅದು. ಎಡವಟ್ಟಾಗುವುದು ಮೇಲೂ ಕೆಳಗೂ. ಸಿಂಹಸ್ತಂಭದ ಪೀಠದಲ್ಲಿ ನಮ್ಮ ಎಡಕ್ಕೆ ಕುದುರೆ, ಬಲಕ್ಕೆ ಗೂಳಿ ಇರಬೇಕು, ಹಿಂಬದಿಯಲ್ಲಿ ಅದಲುಬದಲು. ‘ಸತ್ಯಮೇವ ಜಯತೇ’ ಬಲದಿಂದ ಎಡಕ್ಕೆ ಓಡುತ್ತದೆ. ಇದನ್ನು ತಪ್ಪಿಸಲು ಎರಡು ಬಟ್ಟೆಗೆ ಬೇರೆಬೇರೆ ಅಚ್ಚು ಹಾಕಿ, ಒಂದರ ನೆರಳು ಇನ್ನೊಂದಕ್ಕೆ ಬೀಳದಂತೆ ನಡುವೆ ತಡೆಬಟ್ಟೆ ಇಟ್ಟು ಹೊಲಿಯಬೇಕು. ಮೂರು ಪದರದ ಬಾವುಟ ಬೆಂಗಳೂರಿನ ನವೆಂಬರ್ ಗಾಳಿಗೆ ಏಳುವುದಿಲ್ಲ, ಒದ್ದೆ ಟವೆಲಿನಂತೆ ಕಂಬಕ್ಕೆ ಅಂಟಿಕೊಂಡಿರುತ್ತದೆ. ಖರ್ಚು ಹೆಚ್ಚುವುದಂತೂ ಸರಿಯೇ.

ಮೂರನೆಯದು ಹಳದಿಯ ಪಕ್ಕದ ಬಿಳಿ. ಯುರೋಪಿನ ಲಾಂಛನಶಾಸ್ತ್ರದಲ್ಲಿ ಚಿನ್ನ-ಬೆಳ್ಳಿಯನ್ನು, ಎಂದರೆ ಹಳದಿ-ಬಿಳಿಯನ್ನು, ಒಂದರ ಮೇಲೊಂದು ಇಡಬಾರದು ಎಂಬ ಹಳೆಯ ಕಟ್ಟಳೆಯಿದೆ. ಕಟ್ಟಳೆ ಅವರದ್ದಾದರೂ ಕಾರಣ ಎಲ್ಲರ ಕಣ್ಣಿನದು: ಎರಡೂ ಬೆಳಕಿನ ಬಣ್ಣ, ಬಿಸಿಲಲ್ಲಿ ದೂರದಿಂದ ಒಂದಕ್ಕೊಂದು ಕರಗುತ್ತವೆ. ಆ ಮಾದರಿಯ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ, ಮೇಲಿನ ಎರಡು ಪಟ್ಟಿ ಹೆಚ್ಚುಕಡಿಮೆ ಒಂದಾಗಿ ಕೆಳಗೊಂದು ಕಪ್ಪು ಉಳಿಯುತ್ತದೆ. ಎರಡೇ ಬಣ್ಣದ ಬಾವುಟಕ್ಕೆ ಇದೇ ಪರೀಕ್ಷೆ ಮಾಡಿ, ಗೆರೆ ಹೊಡೆದಂತೆ ನಿಲ್ಲುತ್ತದೆ. ರಾಮಮೂರ್ತಿಯವರು ಈ ಶಾಸ್ತ್ರ ಓದಿದ್ದರೋ ಇಲ್ಲವೋ, ಆಯ್ಕೆಯಂತೂ ಪಕ್ಕಾ.

ಮುದ್ರೆಯನ್ನೇ ಬಾವುಟ ಮಾಡುವ ಚಟ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ನೀಲಿ ಬಟ್ಟೆಯ ಮೇಲೆ ರಾಜ್ಯದ ಮುದ್ರೆ ಹೊತ್ತ ಬಾವುಟಗಳು ಸಾಲುಸಾಲಾಗಿವೆ, ಹತ್ತಡಿ ದೂರ ಹೋದರೆ ಯಾವುದು ಯಾವ ರಾಜ್ಯದ್ದೆಂದು ಅಲ್ಲಿನವರಿಗೇ ತಿಳಿಯದು. ಯೂಟಾ ಮತ್ತು ಮಿನೆಸೋಟ 2024ರಲ್ಲಿ ಹೊಸ ಬಾವುಟ ತಂದವು. ಎರಡೂ ಮುದ್ರೆಯನ್ನು ಬಿಟ್ಟವು. ಒಂದಕ್ಕೆ ಜೇನುಗೂಡು ಸಾಕಾಯಿತು, ಇನ್ನೊಂದಕ್ಕೆ ಒಂದು ನಕ್ಷತ್ರ. ಲಾಂಛನ ಬೇಕೇಬೇಕು ಎನ್ನುವವರಿಗೆ ನಮ್ಮಲ್ಲೂ ದಾರಿಯಿದೆ. ಗುರಾಣಿ, ಶರಭ, ಸ್ತಂಭ, ಅಡಿಬರಹ ಎಲ್ಲ ಬಿಟ್ಟು ಒಂದೇ ಬಣ್ಣದ ಗಂಡಭೇರುಂಡ ಮಾತ್ರ ಇಟ್ಟರೆ ಹಿಂದುಮುಂದಿನ ತಕರಾರಿಲ್ಲ, ಸಿಂಹಸ್ತಂಭದ ಕಾಯ್ದೆಯ ತಕರಾರೂ ಇಲ್ಲ.

ಹೊಲಿಗೆ ಯಂತ್ರದ ಮುಂದೆ

ಇಷ್ಟು ಸರಳವಾದ ಎರಡು ಪಟ್ಟಿಯ ಬಾವುಟವೂ ಯಾಕೆ ಕೆಡುತ್ತದೆ? ಮುಖ್ಯ ಕಾರಣ ಎರಡು ಪಟ್ಟಿ ಎರಡು ಥಾನಿನಿಂದ ಬರುವುದು. ಹತ್ತಿಯಾದರೆ ಹಳದಿ ಒಂದು ಕಡೆಯದು, ಕೆಂಪು ಇನ್ನೊಂದು ಕಡೆಯದು. ಮೊದಲ ಮಳೆಗೆ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ನಡುವಿನ ಹೊಲಿಗೆ ಅಪ್ಪಳದಂತೆ ಸೊಟ್ಟಗಾಗುತ್ತದೆ. ಅಗ್ಗದ ಕೆಂಪು ಬಣ್ಣ ಬಿಟ್ಟು ಹಳದಿಗೆ ಹತ್ತುತ್ತದೆ. ಕೆಂಪು ಕೆಳಗಿದ್ದರೂ ಬಾವುಟ ಮುದುಡಿ ನೆನೆದಾಗ ಮೇಲು-ಕೆಳಗಿನ ಭೇದವೇನಿಲ್ಲ. ಆದ್ದರಿಂದ ಕತ್ತರಿಸುವ ಮೊದಲು ಎರಡನ್ನೂ ಬೇರೆಬೇರೆ ಬಕೆಟ್‌ನಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ನೀರು ಕೆಂಪಾಗುವುದು ನಿಲ್ಲದಿದ್ದರೆ ಆ ಬಟ್ಟೆಯನ್ನು ಹಿಂದಿರುಗಿಸುವುದೇ ಲೇಸು.

900×600ರ ಬಾವುಟಕ್ಕೆ ಒಂದೊಂದು ಪಟ್ಟಿಯನ್ನು 955×335 ಮಿ.ಮೀ. ಕತ್ತರಿಸಿಕೊಳ್ಳಿ. ಎತ್ತರದಲ್ಲಿ 300 ಕಾಣುವ ಭಾಗ, 20 ಹೊರ ಅಂಚಿನ ಮಡಿಕೆಗೆ, 15 ನಡುವಿನ ಜೋಡಣೆಗೆ. ಉದ್ದದಲ್ಲಿ 40 ಗಾಳಿಗೆ ಬಡಿಯುವ ತುದಿಗೆ, 15 ಕಂಬದ ಕಡೆಯ ದಪ್ಪ ಪಟ್ಟಿಗೆ ಸೇರಿಸಲು. ಎರಡೂ ಪಟ್ಟಿಯಲ್ಲಿ ಬಟ್ಟೆಯ ಹಾಸು, ಎಂದರೆ ನೇಯ್ಗೆಯ ಉದ್ದದ ಎಳೆ, ಒಂದೇ ದಿಕ್ಕಿಗಿರಬೇಕು, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಆದರೆ ಜೋತುಬೀಳುವುದು ಖಂಡಿತ. ನಡುವಿನ ಜೋಡಣೆಯಲ್ಲಿ ಒಂದರ ಅಂಚನ್ನು ಇನ್ನೊಂದರೊಳಗೆ ಮಡಿಚಿ ಎರಡು ಸಾಲು ಹೊಲಿಗೆ ಹಾಕಿದರೆ ಎರಡೂ ಮುಖ ನಯವಾಗಿ ಕಾಣುತ್ತವೆ. ಬಾವುಟ ಹರಿಯುವುದು ಯಾವಾಗಲೂ ಕಂಬದಿಂದ ದೂರದ ತುದಿಯಲ್ಲಿ, ಅದರಲ್ಲೂ ಕೆಳಮೂಲೆಯಲ್ಲಿ. ಅಲ್ಲಿ ಎರಡು ಸಲ ಮಡಿಚಿ ಮೂರು ಸಾಲು ಹೊಲಿಗೆ ಕೊಡಬೇಕು. ಕಂಬ ಆರು ಮೀಟರ್ ಇದ್ದರೆ ಬಾವುಟದ ಉದ್ದ ಒಂದೂವರೆಯಿಂದ ಎರಡು ಮೀಟರ್ ಇದ್ದರೆ ಒಪ್ಪುತ್ತದೆ. ನಮ್ಮ ವೃತ್ತಗಳಲ್ಲಿ ಮೂವತ್ತಡಿ ಕಂಬಕ್ಕೆ ಕರವಸ್ತ್ರದಷ್ಟು ಬಾವುಟ ಕಟ್ಟಿರುವುದು ಕಂಡರೆ ಕಂಬಕ್ಕೇ ಮರ್ಯಾದೆ ಮಾಡಿದಂತಿರುತ್ತದೆ. ಪ್ಲಾಸ್ಟಿಕ್ ಬಾವುಟದ ಮಾತು ಬೇಡ, ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈನಿಂದ ನಿಷೇಧವಿದೆ. ಆದರೂ ಸಿಗುತ್ತವೆ.

ಈ ಕಟ್ಟುನಿಟ್ಟು ನಮಗೆ ಬಾರದ್ದೇನಲ್ಲ. ಬೆಂಗೇರಿಯಲ್ಲಿ, ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮುದ್ರೆ ಇರುವ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತದೆ. ಧಾರವಾಡದ ಗರಗ, ಬಾಗಲಕೋಟೆಯ ತುಳಸಿಗೇರಿಯಂಥ ಊರುಗಳಲ್ಲಿ ಆ ಖಾದಿ ನೇಯುತ್ತಾರೆ. 6300×4200ರಿಂದ 150×100 ಮಿ.ಮೀ.ವರೆಗೆ ಒಂಬತ್ತು ಅಳತೆ, ಎಲ್ಲಕ್ಕೂ 3:2 ಪ್ರಮಾಣ. ಬಣ್ಣದ ಛಾಯೆ, ಬಿಸಿಲಿಗೆ-ನೀರಿಗೆ ಬಣ್ಣ ನಿಲ್ಲುವ ಶಕ್ತಿ, ನೂಲು, ಹೊಲಿಗೆ, ಚಕ್ರದ ಅಳತೆ ಯಾವುದೊಂದು ಹೆಚ್ಚುಕಡಿಮೆಯಾದರೂ ತುಂಡು ತಿರಸ್ಕಾರ. ದೇಶದ ಬಾವುಟಕ್ಕೆ ಕೂದಲೆಳೆಯ ಲೆಕ್ಕ ಇಡುವ ಜಿಲ್ಲೆಯಲ್ಲೇ ಕನ್ನಡ ಬಾವುಟ ಕೈಗೆ ಸಿಕ್ಕ ಹಳದಿಯಲ್ಲಿ ಹೊಲಿಸಿಕೊಳ್ಳುತ್ತದೆ.

ಒಂದು ಪುಟದ ಕೆಲಸ

ನಾಡಗೀತೆಯನ್ನು ನೋಡಿ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಹಾಡುವ ಧಾಟಿ, ಸಮಯದ ಜಗಳ ವರ್ಷಗಟ್ಟಲೆ ನಡೆದು, 2022ರ ಸೆಪ್ಟೆಂಬರ್‌ನಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆದೇಶ ಹೊರಡಿಸಿತು. ಸೆಕೆಂಡಿನ ಲೆಕ್ಕ ಗೀತೆಗೆ ಸಾಧ್ಯವಾದದ್ದು ಬಾವುಟಕ್ಕೆ ಯಾಕಾಗಬಾರದು? ಮಾನ್ಯತೆ, ರಕ್ಷಣೆ ದೆಹಲಿಯ ಕೈಯಲ್ಲಿರಬಹುದು. 1950ರ ಕಾಯ್ದೆಯ ಅನುಸೂಚಿಗೆ ಹೊಸದನ್ನು ಸೇರಿಸುವ ಅಧಿಕಾರ ಅದರ 8ನೇ ಕಲಮಿನ ಪ್ರಕಾರ ಕೇಂದ್ರಕ್ಕೇ ಇದೆ, ಕೇಳುವುದಾದರೆ ಕೇಳಬೇಕಾದ್ದು ಅದನ್ನು. ಆದರೆ ಸರ್ಕಾರ ತಾನು ಕೊಳ್ಳುವ, ತನ್ನ ಸಮಾರಂಭಗಳಲ್ಲಿ ಅಲಂಕಾರಕ್ಕೆ ಬಳಸುವ ಹಳದಿ-ಕೆಂಪು ಬಟ್ಟೆ ಹೇಗಿರಬೇಕೆಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಒಂದು ಪುಟದ ಮಾದರಿ ಪ್ರಕಟಿಸಲು ಯಾರ ಅಪ್ಪಣೆ ಬೇಕು? ಸಾರ್ವಜನಿಕರ ಮೇಲೆ ಅದು ಕಡ್ಡಾಯವಾಗಬೇಕಿಲ್ಲ. ನೋಡಿ ಹೊಲಿಯಲು ಒಂದು ಮಾದರಿ ಇದ್ದರೆ ಅಂಗಡಿಗಳು ತಾವೇ ಹಿಂಬಾಲಿಸುತ್ತವೆ.

ಆ ಪುಟದಲ್ಲಿ ಮೊದಲು ಬರಬೇಕಾದ್ದು 3:2 ಪ್ರಮಾಣ, ಎರಡು ಸಮ ಪಟ್ಟಿ, ಹಳದಿ ಮೇಲೆ. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ ಹಳದಿ ನೋಡುವವರ ಎಡಕ್ಕೆ. ರಾಷ್ಟ್ರಧ್ವಜದ ಕೇಸರಿಗೆ ಇರುವ ಕ್ರಮವೇ ಇದು. ಆಮೇಲೆ ಬಣ್ಣದ ಸಂಖ್ಯೆ: ಪರದೆಗೆ ಬೇರೆ, ಅಚ್ಚಿಗೆ ಬೇರೆ, ಬಟ್ಟೆಗೆ ಬೇರೆ, ಎಷ್ಟು ಹೆಚ್ಚುಕಡಿಮೆಯನ್ನು ಒಪ್ಪಬಹುದು ಎಂಬುದರ ಸಮೇತ. ‘ಅರಿಶಿನ’ ಎಂದು ಬರೆದು ಬಿಟ್ಟರೆ ಕೆಲಸವಾಗುವುದಿಲ್ಲ. ಕೊಂಬಿನ ಅರಿಶಿನವೇ ಬೇರೆ, ಪೂಜೆಯ ಪುಡಿಯೇ ಬೇರೆ.

ಎಲ್ಲಿ ಹಾರಿಸಬೇಕೆಂಬುದರಲ್ಲಿ ಎಚ್ಚರ ಬೇಕು. ‘ರಾಷ್ಟ್ರಧ್ವಜಕ್ಕಿಂತ ಕೆಳಗೆ ಹಾರಿಸಿದರೆ ಆಯಿತು’ ಎಂದು ಎಲ್ಲರೂ ಹೇಳುತ್ತಾರೆ. 2002ರ ಧ್ವಜ ಸಂಹಿತೆ ಅದಕ್ಕಿಂತ ಬಿಗಿ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಷ್ಟೇ ಅಲ್ಲ, ಅದರ ಸರಿಸಮ ಪಕ್ಕದಲ್ಲೂ ಬೇರೆ ಬಾವುಟ ಇರಬಾರದು. ಒಂದೇ ಕಂಬದಲ್ಲಿ ಮೇಲೊಂದು ಕೆಳಗೊಂದು ಕಟ್ಟುವುದಂತೂ ಕೂಡದು. ಎಂದರೆ ‘ಕೆಳಗೆ’ ಎಂಬುದಕ್ಕೆ ಉಳಿಯುವ ಅರ್ಥ: ಬೇರೆ ಕಂಬ, ಗಿಡ್ಡ ಕಂಬ, ಸಾಲಿನಿಂದ ತುಸು ಆಚೆ. ರಾಜ್ಯೋತ್ಸವದ ಸರ್ಕಾರಿ ಸಮಾರಂಭದಲ್ಲಿ ರಾಷ್ಟ್ರಧ್ವಜ ಏರುವ ಮೈದಾನದಲ್ಲೇ ಕನ್ನಡ ಬಾವುಟವನ್ನೂ ನೆಡುವವರು ತಪ್ಪುವುದು ಇಲ್ಲೇ. ಎರಡನ್ನೂ ಒಂದೇ ಎತ್ತರಕ್ಕೆ ನೆಟ್ಟು ಫೋಟೊ ತೆಗೆಸುತ್ತಾರೆ, ಮರುದಿನ ಆ ಫೋಟೊ ಹಿಡಿದು ಯಾರೋ ದೂರು ಕೊಡುತ್ತಾರೆ. ಬೆಳಗಾವಿ ಮಹಾನಗರ ಪಾಲಿಕೆಯ ಮುಂದೆ 2020ರ ಡಿಸೆಂಬರ್‌ನಲ್ಲಿ ಕನ್ನಡ ಬಾವುಟದ ಕಂಬ ಎದ್ದಾಗ ಜಗಳ ಇದ್ದದ್ದು ಗಡಿಯದು, ಎತ್ತರದ್ದಲ್ಲ. ಅಂಥ ಕಡೆ ಇರುವ ಜಗಳದ ಮೇಲೆ ಇನ್ನೊಂದಕ್ಕೆ ಸಲುಗೆ ಕೊಡಬಾರದು.

ಪುಟದ ಕೊನೆಯ ಸಾಲು ಇಳಿಸುವುದರ ಬಗ್ಗೆ. ಏರಿಸುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿರುತ್ತದೆ, ಇಳಿಸುವವರದು ಎಲ್ಲೂ ಇರುವುದಿಲ್ಲ. ನವೆಂಬರ್ 1ಕ್ಕೆ ಏರಿದ್ದು ಸಂಕ್ರಾಂತಿಯ ಹೊತ್ತಿಗೆ ಬಿಳಿಚಿಕೊಂಡು, ಯುಗಾದಿಯ ಹೊತ್ತಿಗೆ ಕೆಳಮೂಲೆ ಚಿಂದಿಯಾಗಿ, ಹಗ್ಗ ಕಂಬಕ್ಕೆ ಸುತ್ತಿಕೊಂಡು ಅಲ್ಲೇ ಇರುತ್ತದೆ. ನವೆಂಬರ್ 30ರ ಸಂಜೆ, ಕಂಬ ನೆಟ್ಟವರೇ ಇಳಿಸಬೇಕು ಎಂದು ಬರೆದರೆ ಸಾಕು. ಕೈಗೆಟಕುವ ಎತ್ತರದಲ್ಲಿ ಹಗ್ಗದ ಗಂಟು ಇರಬೇಕು ಎಂದೂ.